ಆಯುಧಪೂಜೆಗೆ ಕೊಟ್ಟ ಕಾರು

1993ರಲ್ಲಿ ಒಂಬತ್ತನೇ ಕ್ಲಾಸಿಗೇ ಓದು ನಿಲ್ಲಿಸಿ ಪಾಂಡವಪುರದ ಟೇಪ್‌ರೆಕಾರ್ಡರ್ ರಿಪೇರಿ ಅಂಗಡಿ ಸೇರಿದೆ. ಯಾರೋ ಎಸೆದಿದ್ದ ರಿಮೋಟ್ ಕಾರೊಂದನ್ನು ಅಲ್ಲೇ ಓಡುವಂತೆ ಮಾಡಿದೆ. ಚಕ್ರಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ. ತಿಂಗಳಿಡೀ ಭಾನುವಾರವೂ ದುಡಿದು ಹೊಸ ಮೋಟಾರು ಸಂಪಾದಿಸಿ ಕೂರಿಸಿದೆ. ಸವೆದ ಹಳೆಯದನ್ನು ಚಿನಕುರಳಿಯ ಗೆಳೆಯ ಕೇಳಿ ಪಡೆದ. ಅವನ ಬಳಿಯೂ ಒಂದು ಕಾರಿತ್ತು, ಅಂಗಡಿಯಿಂದ ಕೊಂಡದ್ದು.

ವಿಜಯದಶಮಿಯಂದು ನಾಲೆ ಏರಿಯ ಮೇಲೆ ನಮ್ಮಿಬ್ಬರ ಪಂದ್ಯ. ಹಿಂದಿನ ದಿನ ಅವನು ಬಂದು, “ನಮ್ ಟ್ರಾಕ್ಟರ್ ಜೊತೆ ನಿನ್ ಕಾರ್ಗೂ ಪೂಜೆ ಮಾಡ್ಬುಡಾನ, ಕೊಡ್ಲಾ” ಅಂದ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಆ ನಂಬಿಕೆಯಲ್ಲಿ ಕೊಟ್ಟೆ.

ಪಂದ್ಯದಲ್ಲಿ ನನ್ನ ಕಾರು ಅರ್ಧ ದಾರಿಯಲ್ಲೇ ನಿಂತಿತು.

“ನಿನ್ನಂಗೇ ನಿನ್ ಕಾರೂ ಅರ್ಧಕ್ಕೇ ಬುಟ್ಬುಡ್ತಲ್ಲೋ!” ಅಂದ ಗೆಳೆಯ. ಸುತ್ತ ನಿಂತವರೆಲ್ಲ ನಕ್ಕರು.

ಅಲ್ಲೇ ಕೂತು ಸ್ಕ್ರೂ ಬಿಚ್ಚಿದೆ. ಮೇಲೆ ಅರಿಶಿನ ಕುಂಕುಮ ಅಳಿಸದೆ ಹಾಗೇ ಇತ್ತು, ಒಳಗಿದ್ದದ್ದು ನಾನು ಅವನಿಗೆ ಕೊಟ್ಟಿದ್ದ ಹಳೆಯ ಮೋಟಾರು. ಅತ್ತ ಅವನ ಕಾರಿನಿಂದ ನನ್ನ ಮೋಟಾರಿನ ಸದ್ದು ಬರುತ್ತಿತ್ತು. ಜಗಳವಾಡಿ ವಾಪಸ್ ಇಸಿದುಕೊಳ್ಳುವ ಜಾಯಮಾನ ನನ್ನದಲ್ಲ. ಕಾರು ಎತ್ತಿಕೊಂಡು ಬಂದವನು ಮತ್ತೆ ಅವನ ಮನೆ ಮೆಟ್ಟಲಿಲ್ಲ.

ಈಗ ನನ್ನ ಬಳಿ ಓಡುವ ರಿಮೋಟ್ ಕಾರು ಮೂರಿವೆ. ಆ ಹಳೆಯದೂ ಸೇರಿ ಮೋಟಾರು ಏಳು; ಬಿಚ್ಚಿದ ಮೋಟಾರನ್ನು ಮತ್ತೆ ಯಾರಿಗೂ ಕೊಟ್ಟಿಲ್ಲ.