ಇಬ್ಬರಿಗೂ ಅನ್ಯಾಯವಾಗದ ಊರು

ಮಗಳು ಪಿಯುಸಿಯಲ್ಲಿ ಗಣಿತ ತಗೊಳ್ಳುವುದು ಬೇಡವೆಂದು ನಾವೆಲ್ಲ ಒಮ್ಮತದಿಂದ ನಿರ್ಧರಿಸಿದ್ದೆವು. ನಮ್ಮ ಮನೆಯಲ್ಲಿ ಒಮ್ಮತದಿಂದ ಆದ ನಿರ್ಧಾರ ಅದೊಂದೇ. ಮುಂದೆ ಅವಳಿಗೆ ಬಿಸಿಎ ಓದುವ ಮನಸ್ಸಾಯಿತು. ಬಳ್ಳಾರಿಯ ಒಂದು ಕಾಲೇಜಿನವರು ಸೀಟು ಕೊಟ್ಟರು, ಜೊತೆಗೊಂದು ಷರತ್ತನ್ನೂ ಕೊಟ್ಟರು: ಪಿಯುಸಿಯಲ್ಲಿ ಗಣಿತ ಓದದವರು ಮೊದಲ ಸೆಮಿಸ್ಟರಿನಲ್ಲೇ ಗಣಿತದ ಬ್ರಿಡ್ಜ್ ಕೋರ್ಸ್ ಪಾಸಾಗಬೇಕು. ತರಗತಿ ಬೆಳಿಗ್ಗೆ ಎಂಟಕ್ಕೆ. ಹಾಜರಿ ಕಮ್ಮಿಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ನಾವಿದ್ದದ್ದು ಸಿರುಗುಪ್ಪದಲ್ಲಿ. ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಗುಮಾಸ್ತ. ಎಂಟಕ್ಕೆ ಬಳ್ಳಾರಿ ಮುಟ್ಟಬೇಕಾದರೆ ಕೋಳಿಯನ್ನು ನಾವೇ ಎಬ್ಬಿಸಬೇಕು. ಬಳ್ಳಾರಿಯಲ್ಲೇ ಮನೆ ಮಾಡೋಣವೆಂದು ಹೆಂಡತಿ, ಗಿರಣಿ ಬಿಟ್ಟು ಬರಲಾರೆನೆಂದು ನಾನು. ಕೆಲವು ದಿನ ಅಡುಗೆಮನೆಗೂ ಪಡಸಾಲೆಗೂ ಮಾತುಕತೆ ಮಗಳ ಮೂಲಕವೇ ನಡೆಯಿತು.

ಬಗೆಹರಿಯದ್ದನ್ನು ನನ್ನ ಸೋದರಮಾವನ ಮುಂದಿಡುವುದು ನಮ್ಮ ಮನೆತನದ ಪದ್ಧತಿ. ಮಾವ ನ್ಯಾಯನಿಷ್ಠರು, ಇದುವರೆಗೆ ಯಾರ ಪರವಾಗಿಯೂ ತೀರ್ಪು ಕೊಟ್ಟವರಲ್ಲ. ಹಿಂದೊಮ್ಮೆ ಅಣ್ಣತಮ್ಮಂದಿರಿಬ್ಬರು ಒಂದೇ ಬಾಗಿಲಿಗಾಗಿ ಜಗಳಾಡಿದಾಗ ಬಾಗಿಲ ನಟ್ಟನಡುವೆ ಗೋಡೆ ಎಬ್ಬಿಸಿದರು. ಅಂದಿನಿಂದ ಇಬ್ಬರೂ ಅಡ್ಡಡ್ಡ ತಿರುಗಿ ಮನೆಯೊಳಗೆ ಹೋಗುತ್ತಾರೆ.

ಮಾವ ಬಂದು, ಚಹಾ ಕುಡಿದು, ಕಣ್ಣು ಮುಚ್ಚಿ ಕೂತರು.

"ನೋಡಪಾ, ನಿನಗ ಸಿರಗುಪ್ಪ ಬೇಕು, ಆಕಿಗೆ ಬಳ್ಳಾರಿ ಬೇಕು. ಕುರುಗೋಡಾಗ ನನ್ನ ಗೆಳೆಯಂದು ಮನಿ ಖಾಲಿ ಐತಿ. ಇಬ್ರಿಗೂ ಅನ್ಯಾಯ ಆಗಂಗಿಲ್ಲ."

"ಮಾವಾ, ಬಳ್ಳಾರಿಗೆ ಹೋಗೋ ನಮ್ಮ ದಾರ್‍ಯಾಗ ಕುರುಗೋಡ ಬರೂದ ಇಲ್ಲಲ್ರಿ."

"ದಾರಿ ಮಾತು ಬ್ಯಾರೆ, ನ್ಯಾಯದ ಮಾತು ಬ್ಯಾರೆ."

ಹೀಗೆ ಕುರುಗೋಡಿಗೆ ಬಂದೆವು. ಸಂಕಟ ನನಗೂ ಮಗಳಿಗೂ ಸರಿಸಮನಾಗಿ ಹಂಚಿಕೆಯಾಯಿತು. ನಾನು ಬಸ್ಸು ಬದಲಿಸಿ ಗಿರಣಿ ಸೇರುವಷ್ಟರಲ್ಲಿ ಮಾಲೀಕರು, "ಬರ್ರಿ ಸಾಹೇಬ್ರ, ಊಟಕ್ಕ ಸರಿಯಾಗಿ ಬಂದ್ರಿ" ಎನ್ನುತ್ತಿದ್ದರು. ಮಗಳ ಪಾಡು ಇನ್ನೂ ಕೆಟ್ಟದು. ಕಂಪ್ಲಿ ಕಡೆಯಿಂದ ತುಂಬಿಕೊಂಡು ಬರುವ ಬಸ್ಸು ಒಮ್ಮೊಮ್ಮೆ ನಿಲ್ಲದೆಯೇ ಹೋಗುತ್ತಿತ್ತು. ಅವಳು ತರಗತಿ ಮುಟ್ಟುವಾಗ ಮೇಷ್ಟ್ರು ಬೋರ್ಡು ಒರೆಸುತ್ತಿರುತ್ತಿದ್ದರು. ಮನೆಯಲ್ಲಿ ಪುಸ್ತಕ ಬಿಚ್ಚಿ ತಾನೇ ಕಲಿತಳು. ಹಾಜರಿಯನ್ನು ಮನೆಯಲ್ಲಿ ಕೂತು ಕಲಿಯಲು ಬರುವುದಿಲ್ಲ.

ಸೆಮಿಸ್ಟರ್ ಕೊನೆಗೆ ಕಾಲೇಜಿನಿಂದ ಕರೆ ಬಂತು, ಮಗಳ ಜೊತೆ ಹೋದೆ. ವಿಭಾಗದ ಮುಖ್ಯಸ್ಥರು ಮರ್ಯಾದೆಯಿಂದಲೇ ಹೇಳಿದರು. "ಹುಡುಗಿ ಚುರುಕದಾಳ್ರಿ. ಆದ್ರ ಹಾಜರಿ ಸಾಲದು. ಗಣಿತಕ್ಕ ಮುಂದಿನ ವರ್ಷ ಜೂನಿಯರ್ ಹುಡುಗರ ಜೊತಿ ಕುಂದರ್ಲಿ."

"ಕುರುಗೋಡಿಂದ ಬರ್ತಾಳ್ರಿ, ಬಸ್ಸು ಸಿಗಂಗಿಲ್ಲ."

"ಕುರುಗೋಡು ನಿಮ್ಮೂರೇನ್ರಿ?"

"ಅಲ್ರಿ."

"ನೌಕರಿ ಅಲ್ಲೈತೇನು?"

"ಇಲ್ರಿ."

"ಮತ್ತ ಅಲ್ಲ್ಯಾಕ ಅದೀರಿ?"

ನ್ಯಾಯಕ್ಕಾಗಿ ಎಂದು ಹೇಳಲು ಬಾಯಿ ಬರಲಿಲ್ಲ.

ಹೊರಗೆ ಬಂದ ಮೇಲೆ ಮಗಳು, "ಅಪ್ಪಾ, ತಾತಗ ಮಾತ್ರ ಫೋನ್ ಮಾಡಬ್ಯಾಡ್ರಿ," ಎಂದಳು. ಮಾವನಿಗೆ ಫೋನ್ ಮಾಡಲಿಲ್ಲ. ಅಂದೇ ಇಬ್ಬರೂ ಬಳ್ಳಾರಿಯ ಕಂಟೋನ್ಮೆಂಟಿನ ಓಣಿಗಳಲ್ಲಿ ಖಾಲಿ ಮನೆ ಹುಡುಕುತ್ತ ಅಲೆದೆವು. ಸಂಜೆಗೆ ಒಂದು ಸಿಕ್ಕಿತು. ದೂರವೆಲ್ಲ ನನ್ನೊಬ್ಬನ ಪಾಲಿಗೆ ಬಂತು, ಸಿರುಗುಪ್ಪಕ್ಕೆ ನೇರ ಬಸ್ಸಾದರೂ ಇದೆ. ಮಗಳಿಗೆ ಈಗ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ಜೂನಿಯರ್‌ಗಳ ನಡುವೆ ಕೂರುವುದು ಮಾತ್ರ ತಪ್ಪಲಿಲ್ಲ.