ಕರಡಕ್ಕನ ಪಾಸ್‌ವರ್ಡ್

ಶಿಸ್ತು ಶಿಸ್ತು ಎಂದು ಬಡಿದುಕೊಳ್ಳುವವರನ್ನು ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ನಾನೂ ಹಾಗೆ ಬಡಿದುಕೊಂಡವನೇ. ಪರೀಕ್ಷಾ ಕಚೇರಿಯ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಪಾಸ್‌ವರ್ಡನ್ನು ತಿಂಗಳಿಗೊಮ್ಮೆ ಬದಲಾಯಿಸಿ, ಎಲ್ಲೂ ಬರೆದಿಡಬೇಡಿ, ಮನೆಯವರಿಗೂ ಹೇಳಬೇಡಿ ಎಂದು ಹನ್ನೊಂದು ವರ್ಷ ಗಂಟಲು ಹರಿದುಕೊಂಡೆ. ನಲವತ್ತು ಜನರಲ್ಲಿ ಮೂವತ್ತೊಂಬತ್ತು ಮಂದಿ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು. ಚೀಟಿಯಲ್ಲಿ ಬರೆದು ಕಂಪ್ಯೂಟರಿಗೇ ಅಂಟಿಸಿಕೊಂಡ ಮಹಾನುಭಾವರೂ ಇದ್ದರು. ನನ್ನ ಮಾತು ಕೇಳಿದವರು ಒಬ್ಬರೇ, ಕರಡಕ್ಕ.

ಪ್ರಶ್ನೆಪತ್ರಿಕೆಗಳ ಕರಡು ತಿದ್ದುತ್ತಿದ್ದರಿಂದ ಕಚೇರಿಗೆಲ್ಲ ಅವರು ಕರಡಕ್ಕ. ಕಿಟಕಿ ಪಕ್ಕದ ಮೇಜು, ಕೆಂಪು ಪೆನ್ನು, ಒಂದು ಅಡಿಕೋಲು. ಅಡಿಕೋಲನ್ನು ಸಾಲಿನ ಕೆಳಗಿಟ್ಟು ತುಟಿಯಲ್ಲೇ ಓದಿಕೊಳ್ಳುತ್ತ ಹೋಗುವರು. ಇಪ್ಪತ್ತಾರು ವರ್ಷದಲ್ಲಿ ಅವರ ಕೈ ದಾಟಿ ಒಂದು ತಪ್ಪೂ ಅಚ್ಚಾಗಿರಲಿಲ್ಲ. ಪ್ರತಿ ತಿಂಗಳ ಮೊದಲ ದಿನ ನನ್ನ ಬಾಗಿಲಲ್ಲಿ ನಿಂತು, ಬದಲಾಯಿಸಿದೆ ಕಣಪ್ಪ ಎಂದು ಹೇಳಿ ಹೋಗುವರು. ಏನಿಟ್ಟಿರಿ ಅಕ್ಕ ಎಂದು ನಾನು ತಮಾಷೆಗೆ ಕೇಳಿದರೆ ತಲೆಗೆ ಮೊಟಕುವಂತೆ ಕೈ ಎತ್ತುವರು.

ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಇದ್ದೊಬ್ಬ ಮಗಳು ಆ ವರ್ಷ ಶಾಲೆಯ ಕೊನೆಯ ಪರೀಕ್ಷೆಗೆ ಕೂರುವವಳಿದ್ದಳು. ಮಗಳು ಬರೆಯುತ್ತಿದ್ದಾಳೆ, ಈ ಸಲ ನನಗೆ ಈ ಕೆಲಸ ಬೇಡ ಎಂದು ಅಕ್ಕ ಮೇಲಧಿಕಾರಿಗೆ ಪತ್ರವನ್ನೇ ಕೊಟ್ಟರು. ನಿಮ್ಮನ್ನು ನಂಬದೆ ಇನ್ಯಾರನ್ನು ನಂಬೋದು ಎಂದು ಆತ ನಕ್ಕು ಪತ್ರ ವಾಪಸು ಕೊಟ್ಟ.

ಅದೇ ವಾರ ಸರ್ವರ್ ತಯಾರಿಸಿದವರಿಂದ ನನಗೊಂದು ಎಚ್ಚರಿಕೆ ಬಂತು. ಫೋನಿನಲ್ಲಿ ಮೇಲ್ ನೋಡುವವರಿಗೆಂದು ಇದ್ದ ದಾರಿಯಲ್ಲಿ ದೋಷವಿತ್ತು. ಹೆಸರು ಸರಿಯಾಗಿ ಕೊಟ್ಟರೆ ಸಾಕು, ಪಾಸ್‌ವರ್ಡ್ ಜಾಗ ಖಾಲಿ ಬಿಟ್ಟರೂ ಅದು ಯಾರನ್ನು ಬೇಕಾದರೂ ಒಳಗೆ ಬಿಡುತ್ತಿತ್ತು. ಸಾಲದ್ದಕ್ಕೆ ತನ್ನ ದಾಖಲೆಯಲ್ಲಿ ‘ಪಾಸ್‌ವರ್ಡ್ ಸರಿ ಇದೆ’ ಎಂದೂ ಬರೆದುಕೊಳ್ಳುತ್ತಿತ್ತು. ಸರಿಪಡಿಸಲು ಅರ್ಧ ದಿನ ಸರ್ವರ್ ನಿಲ್ಲಿಸಬೇಕು ಎಂದೆ. ಪರೀಕ್ಷೆ ಮುಗಿಯಲಿ ಎಂದ ಮೇಲಧಿಕಾರಿ. ಮೇಜು ಗುದ್ದಿ ಜಗಳ ಆಡಬೇಕಿತ್ತು. ತೆಪ್ಪಗೆ ಬಂದು ಕೂತೆ.

ಗಣಿತದ ಪತ್ರಿಕೆ ಪರೀಕ್ಷೆಗೆ ಎರಡು ದಿನ ಮುಂಚೆ ಊರವರ ಫೋನಿಗೆಲ್ಲ ಬಂತು. ಹೊರಗೆ ಹೋದದ್ದು ಕರಡಕ್ಕನ ಮೇಲ್‌ನಿಂದ, ದಾಖಲೆಯಲ್ಲಿ ‘ಪಾಸ್‌ವರ್ಡ್ ಸರಿ ಇದೆ’ ಎಂದೇ ಇತ್ತು. ಉಳಿದ ಪತ್ರಿಕೆಗಳೂ ಹೋದರೆ ಗತಿಯೇನು ಎಂಬ ಗಾಬರಿಯಲ್ಲಿ ಮೊದಲು ಆ ದೋಷ ಸರಿಪಡಿಸಿದೆ. ಹಳೆಯ ಸರ್ವರಿನ ಒಂದು ಪ್ರತಿ ಎತ್ತಿಟ್ಟುಕೊಳ್ಳಬೇಕೆಂದು ಈ ಹಾಳು ತಲೆಗೆ ಹೊಳೆಯಲೇ ಇಲ್ಲ.

ವಿಚಾರಣೆಗೆ ಮೂವರು ಕೂತರು. ನಾನು ಎಲ್ಲ ಬಿಡಿಸಿ ಹೇಳಿದೆ. ಹಾಗಾದರೆ ಪಾಸ್‌ವರ್ಡ್ ಇಲ್ಲದೆ ಒಳಗೆ ಹೋಗಿ ತೋರಿಸು ಎಂದರು. ಎಲ್ಲಿ ತೋರಿಸಲಿ, ನಾನೇ ಮುಚ್ಚಿಬಿಟ್ಟಿದ್ದೆನಲ್ಲ. ಎಚ್ಚರಿಕೆಯ ಕಾಗದ ಮುಂದಿಟ್ಟೆ. ಹೀಗೆ ಆಗಬಹುದು ಅಂತಿದೆ, ಆಗಿದೆ ಅಂತ ಎಲ್ಲಿದೆ ಎಂದರು.

ಕರಡಕ್ಕನ ಸರದಿ ಬರುವ ಮುಂಚೆ ಅವರನ್ನು ಮೆಟ್ಟಿಲ ಹತ್ತಿರ ಹಿಡಿದೆ.

“ಅಕ್ಕ, ಚೀಟೀಲಿ ಬರೆದು ಮೇಜಿನ ಮೇಲೆ ಇಟ್ಟಿದ್ದೆ ಅಂದ್ಬಿಡಿ. ಯಾರಾದ್ರೂ ನೋಡಿರಬಹುದು ಅಂತಾರೆ. ಬಚಾವಾಗ್ತೀರಿ.”

“ಇಡಲಿಲ್ವಲ್ಲಪ್ಪ,” ಎಂದರು.

ಒಳಗೆ ಅವರನ್ನು ಕೇಳಿದ್ದು ಅದನ್ನೇ, ಪಾಸ್‌ವರ್ಡ್ ಬೇರೆ ಯಾರಿಗಾದರೂ ಗೊತ್ತಿತ್ತೇ ಎಂದು.

“ಯಾರಿಗೂ ಗೊತ್ತಿಲ್ಲ ಸಾರ್. ಮಗಳಿಗೂ ಹೇಳಿಲ್ಲ.”

ಮೂವರೂ ಬರೆದುಕೊಂಡರು. ಅಕ್ಕನ ಕೆಲಸ ಹೋಯಿತು. ಪರೀಕ್ಷೆ ಇನ್ನೊಮ್ಮೆ ನಡೆದು ಎಲ್ಲರ ಫಲಿತಾಂಶ ಬಂದರೂ ಮಗಳದ್ದನ್ನು ತಡೆಹಿಡಿದರು. ಓದಿದ ಹುಡುಗಿ, ಪಾಪ, ಕಳ್ಳಿಯಾದಳು. ಅವತ್ತಿನಿಂದ ತಾಯಿಯ ಜೊತೆ ಮಾತು ಬಿಟ್ಟಳು. ಊರು ಏನಾದರೂ ಅನ್ನಲಿ, ಇವಳೊಬ್ಬಳು ನಂಬಿದರೆ ನಾನು ಬದುಕಿಕೊಳ್ಳುತ್ತೇನೆ, ಬಂದು ತಿಳಿಸಿ ಹೇಳಪ್ಪ ಎಂದು ಅಕ್ಕ ಫೋನಿನಲ್ಲಿ ಅತ್ತರು.

ಭಾನುವಾರ ಬೆಳಿಗ್ಗೆ ಹೋದೆ. ಎರಡು ಕೋಣೆಯ ಮನೆ. ಒಂದು ಕೋಣೆಯ ಬಾಗಿಲು ಹಾಕಿತ್ತು, ನಾನು ಕರೆದ ಮೇಲೆ ತೆರೆಯಿತು. ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಕಾಗದದ ಮೇಲೆ ಗೆರೆ ಎಳೆದು, ಕಳ್ಳ ಎಲ್ಲಿಂದ ಬಂದಿರಬಹುದು, ಸರ್ವರ್ ಹೇಗೆ ಸುಳ್ಳು ಬರೆಯಿತು, ಎಲ್ಲ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದರು. ಹುಡುಗಿ ಕೊನೆಯ ತನಕ ಕೇಳಿಸಿಕೊಂಡಳು.

“ಮಾಮ, ಅಮ್ಮನ್ನ ಉಳಿಸೋಕೆ ನೀವು ಎಷ್ಟು ಕಷ್ಟಪಡ್ತಿದೀರಿ ಅಂತ ಗೊತ್ತಾಗುತ್ತೆ,” ಎಂದಳು. “ಇನ್ನು ಸಾಕು. ಅಮ್ಮ ಮಾಡಿದ್ದು ನನಗೋಸ್ಕರ ತಾನೆ? ನಾನೇ ಕಲ್ಲು ಮನಸ್ಸು ಮಾಡ್ಕೊಂಡೆ. ಕ್ಷಮಿಸಿಬಿಟ್ಟಿದೀನಿ.”

ಎದ್ದು ಹೋಗಿ ತಾಯಿಯನ್ನು ತಬ್ಬಿಕೊಂಡಳು. ಇಲ್ಲಮ್ಮ, ಹಾಗಲ್ಲ ಎನ್ನಲು ನಾನು ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತ, ಬೇಡ ಎಂದು ತಲೆಯಾಡಿಸಿದರು. ಎರಡು ತಿಂಗಳ ಮೇಲೆ ಮೈ ಮುಟ್ಟಿದ ಮಗಳ ಬೆನ್ನು ಸವರುತ್ತ, ಹೇಳಿದರು:

“ತಪ್ಪಾಯ್ತು ಕಣೇ. ಇನ್ನು ಮಾಡಲ್ಲ.”