ಮಕ್ಕಳ ಕೋಣೆಯ ಕಾಲರಕ್ಕ

ಆ ಬಟ್ಟೆ ಕಾರ್ಖಾನೆಗೆ ಸೇರಿದಂದಿನಿಂದ ಅವಳು ಹೊಲಿದದ್ದು ಕಾಲರ್ ಮಾತ್ರ. ಒಬ್ಬಳು ತೋಳು ಹೊಲಿದರೆ ಇನ್ನೊಬ್ಬಳು ಜೇಬು, ಮತ್ತೊಬ್ಬಳು ಗುಂಡಿ. ಇವಳ ಪಾಲಿಗೆ ಬಂದದ್ದು ಕುತ್ತಿಗೆ. ಹೆತ್ತವರು ಇಟ್ಟ ಹೆಸರು ಗೇಟಿನಿಂದ ಈಚೆ ಯಾರಿಗೂ ನೆನಪಿರಲಿಲ್ಲ. ಮೇಸ್ತ್ರಿಯಿಂದ ಹಿಡಿದು ಮೊನ್ನೆ ಮೊನ್ನೆ ಸೇರಿದ ಹುಡುಗಿಯರವರೆಗೆ ಎಲ್ಲರಿಗೂ ಅವಳು ಕಾಲರಕ್ಕ. ಅವಳೂ ಅಷ್ಟೆ, ಎದುರಿಗೆ ಬಂದವರ ಮುಖ ನೋಡುವ ಮೊದಲು ಕಾಲರ್ ನೋಡುವಳು. ಅದರ ತುದಿ ಸೊಟ್ಟಗಿದ್ದರೆ ಆ ಮನುಷ್ಯನ ಮೇಲೆ ಒಂದಿಷ್ಟು ಅನುಮಾನ ಇಟ್ಟುಕೊಂಡೇ ಮಾತಿಗಿಳಿಯುವಳು.

ನಡೆಯುವಾಗ ಅವಳು ಎಡಕ್ಕೆ ವಾಲುತ್ತಿದ್ದಳು. ಮಿಷನ್ ಮುಂದೆ ಕೂತು ಕೂತು ಹಾಗಾಗಿದೆ ಎಂದು ಜನ ಅಂದುಕೊಂಡಿದ್ದರು. ನಿಜ ಬೇರೆಯೇ ಇತ್ತು. ಚಿಕ್ಕವಳಿದ್ದಾಗ ತಾಯಿ ಕೆಲಸಕ್ಕೆ ಹೋದರೆ ತಮ್ಮ ತಂಗಿಯರನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಇವಳೇ. ಒಂದು ಇಳಿಯುವ ಹೊತ್ತಿಗೆ ಇನ್ನೊಂದು ಹತ್ತಿರುತ್ತಿತ್ತು. ಕಡೆಯದು ಇಳಿಯುವಷ್ಟರಲ್ಲಿ ಶಾಲೆಗೆ ಸೇರುವ ವಯಸ್ಸೂ ಕಳೆದಿತ್ತು, ಸೊಂಟ ನೆಟ್ಟಗಾಗುವ ವಯಸ್ಸೂ ಕಳೆದಿತ್ತು.

ಹೀಗಿರುವಾಗ ಒಂದು ವರ್ಷ ಅವಳ ಬಲಗೈ ಮಣಿಕಟ್ಟು ಹಿಡಿದುಕೊಂಡಿತು. ಕಾಲರ್‌ಗಳು ಹಿಂದೆ ಬಿದ್ದವು, ಅವುಗಳ ಹಿಂದೆ ಇಡೀ ಸಾಲು ನಿಂತಿತು. ಮ್ಯಾನೇಜರ್ ಕೆಟ್ಟವನಲ್ಲ; ಗಂಟೆಗೆ ಎಷ್ಟು ಅಂಗಿ ಎನ್ನುವುದನ್ನು ಬಿಟ್ಟರೆ ಅವನ ತಲೆಗೆ ಬೇರೇನೂ ಹೊಗುತ್ತಿರಲಿಲ್ಲ, ಅಷ್ಟೆ. ಅವಳನ್ನು ಕರೆಸಿ ಹೇಳಿದ:

"ಅಕ್ಕ, ನಿಮ್ಮನ್ನ ಮಕ್ಕಳ ಕೋಣೆಗೆ ಹಾಕಿದೀನಿ. ಆರಾಮಾಗಿ ಕೂತಿರಿ."

"ಮಕ್ಕಳ ಕೋಣೆನಾ? ಅದೆಲ್ಲಿದೆ ಸಾರ್?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಲ್ಲೇ ತಲೆ ನರೆಸಿಕೊಂಡವಳಿಗೂ ಅಂಥದ್ದೊಂದು ಕೋಣೆ ಇದೆಯೆಂದು ಗೊತ್ತಿರಲಿಲ್ಲ. ಇಷ್ಟು ಹೆಂಗಸರು ದುಡಿಯುವ ಕಡೆ ಅವರ ಕೂಸುಗಳಿಗೊಂದು ಕೋಣೆ ಇರಲೇಬೇಕೆಂದು ಸರ್ಕಾರ ಕಾನೂನು ಮಾಡಿತ್ತು. ಕಾನೂನು ಕೋಣೆ ಕೇಳಿತ್ತು, ಕಾರ್ಖಾನೆ ಕೋಣೆ ಕೊಟ್ಟಿತ್ತು. ಗುಂಡಿ ಮೂಟೆಗಳ ಗೋದಾಮಿನ ಹಿಂದೆ, ಬೀಗ ಹಾಕಿಕೊಂಡು, ಅದು ಇತ್ತು. ಒಳಗೆ ಸಾಲಾಗಿ ತೊಟ್ಟಿಲು, ಒಂದು ಮರದ ಕುದುರೆ; ಯಾವುದರ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ. ಗೋಡೆಯ ಮೇಲೊಂದು ಆನೆ. ‘ಬೀಡಿ ಸಿಗರೇಟು ಸೇದಬಾರದು’ ಎಂದು ಬೋರ್ಡು ಬರೆದವನಿಂದಲೇ ಅದನ್ನೂ ಬರೆಸಿದ್ದರು, ಹಾಗಾಗಿ ಆನೆಯೂ ಗದರಿಸುವಂತೆಯೇ ನೋಡುತ್ತಿತ್ತು. ಇಲ್ಲದ್ದೆಂದರೆ ಮಕ್ಕಳು. ಕಂಕುಳಲ್ಲಿ ಕೂಸಿದ್ದವರನ್ನು ಗೇಟಿನ ಕಾವಲುಗಾರ ಒಳಗೇ ಬಿಡುತ್ತಿರಲಿಲ್ಲ. ತಾಯಂದಿರು ಗಳಿಗೆಗೊಮ್ಮೆ ಹಾಲೂಡಿಸಲು ಎದ್ದರೆ ಸಾಲು ನಿಲ್ಲುತ್ತದೆ ಎಂದು ಮೇಲಿನಿಂದ ಬಾಯಿಮಾತಿನ ಅಪ್ಪಣೆಯಾಗಿತ್ತು.

ಕಾಲರಕ್ಕ ಬೆಳಿಗ್ಗೆ ಬೀಗ ತೆಗೆಯುವಳು, ಕುದುರೆಯ ಪ್ಲಾಸ್ಟಿಕ್ ಒರೆಸುವಳು, ಕೂರುವಳು. ಕೈ ಸುಮ್ಮನಿರದೆ ಚಿಂದಿ ತುಂಡುಗಳನ್ನು ತಂದು ಎಡಗೈಯಲ್ಲಿ ಪುಟ್ಟ ಅಂಗಿ ಹೊಲಿಯತೊಡಗಿದಳು. ಎಲ್ಲಕ್ಕೂ ಕಾಲರ್ ಇಟ್ಟಳು. ಸಂಜೆ ಮನೆಗೆ ಹೋದರೆ ಗಂಡ ಕೇಳುವನು, "ಇವತ್ತು ಏನು ಕೆಲಸ ಮಾಡಿದೆ?"

"ಆನೆ ನೋಡ್ಕೊಂಡೆ."

ಗಂಡನದು ಕಾರ್ಮಿಕ ಇಲಾಖೆಯ ಕಚೇರಿ ಎದುರು ಟೀ ಅಂಗಡಿ. ಊರಿನ ಸುದ್ದಿಯೆಲ್ಲ ಅವನ ಕೆಟಲಿನಲ್ಲೇ ಕುದಿಯುತ್ತಿತ್ತು, ಕುದಿದದ್ದನ್ನು ಬಂದವರಿಗೆಲ್ಲ ಬಗ್ಗಿಸಿಕೊಡುವುದೂ ಅವನ ಅಭ್ಯಾಸ. ಹೆಂಡತಿ ಆನೆ ಕಾಯುವ ಕೆಲಸಕ್ಕಿದ್ದಾಳೆ ಎಂಬುದು ಮಾರನೆಯ ದಿನದ ಹೊತ್ತಿಗೆ ಬೀದಿಗೆಲ್ಲ ಹಬ್ಬಿತು.

ಒಂದು ಮಧ್ಯಾಹ್ನ ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. "ಅಕ್ಕ, ನಾಳೆ ಕಾರ್ಮಿಕ ಇಲಾಖೆಯಿಂದ ತಪಾಸಣೆಗೆ ಬರ್ತಿದಾರೆ. ಹೊಸ ಇನ್‌ಸ್ಪೆಕ್ಟರ್ ಮೇಡಂ, ಭಾರಿ ಕಟ್ಟುನಿಟ್ಟಂತೆ. ನಾಳೆ ಬೆಳಿಗ್ಗೆ ಹೊತ್ತಿಗೆ ನಂಗೆ ಮಕ್ಕಳು ಬೇಕು!"

"ನಾಳೆಗೆಲ್ಲ ಹೇಗಾಗುತ್ತೆ ಸಾರ್? ಒಂಬತ್ತು ತಿಂಗಳಾದ್ರೂ ಬೇಕಲ್ಲ."

"ತಮಾಷೆ ಮಾಡ್ಬೇಡಿ ಅಕ್ಕ. ನಮ್ಮ ಹೆಂಗಸರ ಮನೇಲಿ ಇರೋ ಕೂಸುಗಳನ್ನೇ ಕರೆಸಿ. ಒಂದೇ ದಿನದ ಮಟ್ಟಿಗೆ."

ಊಟದ ಬಿಡುವಿನಲ್ಲಿ ಕಾಲರಕ್ಕ ವಿಷಯ ಎತ್ತಿದಾಗ ಹೆಂಗಸರು ನಂಬಲಿಲ್ಲ. ಆದರೂ ಮರುದಿನ ಕಾವಲುಗಾರ ಗೇಟು ಪಕ್ಕಕ್ಕೆ ಸರಿಸಿ ನಿಂತದ್ದೇ ತಡ, ಕೂಸುಗಳು ಬಂದವು ನೋಡಿ! ಅಳುವವು, ಬೆರಳು ಚೀಪುವವು, ಕಾವಲುಗಾರನ ಟೋಪಿಗೆ ಕೈ ಹಾಕುವವು. ತೊಟ್ಟಿಲು ಸಾಲದೆ ಕೆಲವನ್ನು ಬಟ್ಟೆಯ ರಾಶಿಯ ಮೇಲೆ ಮಲಗಿಸಬೇಕಾಯಿತು. ಮ್ಯಾನೇಜರನ ಕಣ್ಣಿಗೆ ಬಿದ್ದದ್ದು ಇನ್ನೊಂದು. ಕೂಸುಗಳನ್ನು ಹೊತ್ತು ತಂದವರು ಅವುಗಳ ಅಕ್ಕಂದಿರು, ಎಂಟು ಹತ್ತು ವರ್ಷದ ಹುಡುಗಿಯರು.

"ಅಯ್ಯೋ, ಇವರನ್ನ ಮೊದಲು ಆಚೆ ಕಳಿಸಿ! ಮೇಡಂ ನೋಡಿದ್ರೆ ಮಕ್ಕಳ ಕೈಲಿ ದುಡಿಸ್ತಿದೀರಿ ಅಂತ ನನ್ನನ್ನೇ ಒಳಗೆ ಹಾಕಿಸ್ತಾರೆ!"

ಹುಡುಗಿಯರು ಗೇಟಿನ ಆಚೆ ನಿಂತರು. ತೋಳು ಹೊಲಿಯುವವಳ ಹಿರಿಮಗಳಂತೂ ಬರಿಗೈಯನ್ನು ಏನು ಮಾಡಬೇಕೆಂದು ತಿಳಿಯದೆ, ಇಲ್ಲದ ಕೂಸನ್ನು ಹೊತ್ತವಳ ಹಾಗೆ ಸೊಂಟ ಎಡಕ್ಕೆ ತಳ್ಳಿಕೊಂಡೇ ನಿಂತಿದ್ದಳು. ಕಾಲರಕ್ಕ ಗೇಟಿನ ಹತ್ತಿರಕ್ಕೆ ಹೋದಳು.

"ಶಾಲೆ ಇದೆಯೇನೇ ಇವತ್ತು?"

"ಇರುತ್ತೆ."

"ಮತ್ತೆ ಇಲ್ಲೇನು ಮಾಡ್ತಾ ನಿಂತಿದೀಯ? ಓಡು!"

ಹುಡುಗಿ ಮೊದಲು ನಡೆದಳು, ಆಮೇಲೆ ನಿಜವಾಗಿಯೂ ಓಡಿದಳು.

ಮೇಡಂ ಬಂದರು. ಕಾಲರ್ ನೆಟ್ಟಗಿತ್ತು, ಕಾಲರಕ್ಕನಿಗೆ ಸಮಾಧಾನವಾಯಿತು. ಮ್ಯಾನೇಜರ್ ಮಕ್ಕಳೆಂದರೆ ಪ್ರಾಣ ಎನ್ನುವವನಂತೆ ಮುಖ ಮಾಡಿಕೊಂಡು, ಕೈಗೆ ಸಿಕ್ಕ ಕೂಸನ್ನೆತ್ತಿ, "ಬಾರೋ ನನ್ನ ರಾಜ! ಇವನು ನನ್ನ ಬಿಟ್ಟು ಇರೋದೇ ಇಲ್ಲ ಮೇಡಂ" ಎಂದ. ಕೂಸಿನ ಮೈಮೇಲೆ ಅಂಗಿ ಬಿಟ್ಟರೆ ಬೇರೇನೂ ಇರಲಿಲ್ಲ.

"ರಾಣಿ ಇರಬೇಕು," ಎಂದರು ಮೇಡಂ.

ರಾಣಿ ಆ ಹೊತ್ತಿಗೆ ಸರಿಯಾಗಿ ಅವನ ಇಸ್ತ್ರಿ ಮಾಡಿದ ಅಂಗಿಯನ್ನು ಎದೆಯಿಂದ ಹೊಟ್ಟೆಯವರೆಗೆ ತೋಯಿಸಿತು.

"ಮಕ್ಕಳು ದಿನಾ ಬರ್ತವಾ?"

"ದಿನಾ ಮೇಡಂ! ಒಂದು ದಿನಾನೂ ತಪ್ಪಿಸಲ್ಲ. ನೀವು ಯಾವಾಗ ಬೇಕಾದ್ರೂ ಬಂದು ನೋಡ್ಬಹುದು."

ಮೇಡಂ ಅವನ ಒದ್ದೆ ಅಂಗಿಯನ್ನೂ, ಕುದುರೆಯ ಹೊಟ್ಟೆಯಡಿ ಇನ್ನೂ ಅಂಟಿಕೊಂಡಿದ್ದ ಪ್ಲಾಸ್ಟಿಕ್ಕನ್ನೂ ನೋಡಿದರು. "ಹಾಗಾದ್ರೆ ಯಾವಾಗ ಬೇಕಾದ್ರೂ ಬರ್ತೀನಿ. ಹೇಳದೇ ಬರ್ತೀನಿ" ಎಂದು ಹೊರಟರು.

ಮರುದಿನ ಬೆಳಿಗ್ಗೆ ಕೂಸುಗಳು ಮತ್ತೆ ಬಂದಾಗ ಮ್ಯಾನೇಜರ್ ಹೌಹಾರಿದ. "ಏನಕ್ಕ ಇದು? ಒಂದೇ ದಿನ ಅಂದಿದ್ದೆನಲ್ಲ?"

"ದಿನಾ ಬರ್ತವೆ ಅಂತ ನೀವೇ ಮಾತು ಕೊಟ್ರಲ್ಲ ಸಾರ್. ನಿಮ್ಮ ಮಾತು ಸುಳ್ಳಾಗಬಾರದು ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ. ಮೇಡಂ ಇವತ್ತೇ ಬಂದ್ರೆ?"

ಆ ‘ಇವತ್ತೇ ಬಂದ್ರೆ’ ಎಂಬ ಮಾತು ಮ್ಯಾನೇಜರನ ನಿದ್ದೆ ಕೆಡಿಸಿತು. ಗೇಟಿನೆದುರು ಯಾವ ಕಾರು ನಿಂತರೂ ಅವನು ಮಕ್ಕಳ ಕೋಣೆಗೆ ಓಡಿ ಯಾವುದಾದರೊಂದು ಕೂಸನ್ನು ಎತ್ತಿಕೊಳ್ಳುವನು. ಈಗ ಮಾತ್ರ ಮೊದಲು ನೋಡಿ, ಆಮೇಲೆ ರಾಜನೋ ರಾಣಿಯೋ ಎನ್ನುವನು.

ಎಲ್ಲ ಸಲೀಸಾಗಿಯೇನೂ ನಡೆಯಲಿಲ್ಲ. ಕೋಣೆಯಲ್ಲಿ ಒಂದು ಅತ್ತರೆ ಹೊಲಿಗೆ ಸಾಲಿನಲ್ಲಿ ಎಲ್ಲ ತಾಯಂದಿರ ಕೈಯೂ ನಿಲ್ಲುತ್ತಿತ್ತು. ನನ್ನದಾ, ನಿನ್ನದಾ ಎಂದು ಎಲ್ಲರೂ ಏಳುವರು, ಮೇಸ್ತ್ರಿ ತಲೆ ಚಚ್ಚಿಕೊಳ್ಳುವನು. ಕಾಲರಕ್ಕ ಯೋಚಿಸಿ ಒಂದು ದಾರಿ ಹುಡುಕಿದಳು. ಪ್ರತಿ ಕೂಸಿನ ಕಾಲಿಗೂ ಒಂದೊಂದು ಬಣ್ಣದ ಬಟ್ಟೆ ಪಟ್ಟಿ ಕಟ್ಟಿದಳು. ಯಾವ ಕೂಸಿಗೆ ಹಸಿವಾಯಿತೋ ಅದೇ ಬಣ್ಣದ ಪಟ್ಟಿ ಕಿಟಕಿಯಲ್ಲಿ ನೇತಾಡುವುದು, ಆ ತಾಯಿ ಮಾತ್ರ ಏಳುವಳು. ಮೊದಲ ವಾರ ತಿಳಿನೀಲಿಗೂ ಕಡುನೀಲಿಗೂ ಜಗಳವಾಗಿ ಎರಡು ಕೂಸು ಉಪವಾಸ ಬಿದ್ದವು, ಇಬ್ಬರು ತಾಯಂದಿರು ಮಾತು ಬಿಟ್ಟರು. ತಿಳಿನೀಲಿಯನ್ನು ಕಿತ್ತು ಚೌಕಳಿ ಕಟ್ಟಿದ ಮೇಲೆ ರಾಜಿಯಾಯಿತು. ಕೂಸಿಗೆ ಹುಷಾರಿಲ್ಲ, ನೋಡಿಕೊಳ್ಳುವವರಿಲ್ಲ ಎಂದು ರಜೆ ಹಾಕುತ್ತಿದ್ದವರು ಈಗ ತಪ್ಪದೆ ಬರತೊಡಗಿದರು. ಅಂಗಿಗಳ ಲೆಕ್ಕ ಏರಿದ್ದು ಕಂಡು ಮ್ಯಾನೇಜರ್ ಅದಕ್ಕೆ ತನ್ನ ಶಿಸ್ತೇ ಕಾರಣವೆಂದು ಮಾಲೀಕರಿಗೆ ವರದಿ ಮಾಡಿದ.

ಒಂದು ಸಂಜೆ ಊಟದ ತಟ್ಟೆ ಮುಂದೆ ಕೂತು ಗಂಡ ಹೇಳಿದ, "ನಿಮ್ಮ ಇನ್‌ಸ್ಪೆಕ್ಟರ್ ಮೇಡಂಗೆ ವರ್ಗ ಆಯ್ತಂತೆ ಕಣೆ. ಎಲ್ಲೋ ದೂರಕ್ಕೆ. ಅವರ ಜಾಗಕ್ಕೆ ಯಾರೂ ಬಂದಿಲ್ಲ."

ಕಾಲರಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟಳು. "ಯಾರಿಗೆಲ್ಲ ಹೇಳಿದೀಯ?"

"ನಾನ್ಯಾರಿಗೆ ಹೇಳ್ತೀನಿ?"

"ನೋಡು, ಈ ಮಾತು ನಿನ್ನ ಬಾಯಿಂದ ಹೊರಗೆ ಬಿತ್ತೋ, ನಾಳೆಯಿಂದ ನಿನ್ನ ಅನ್ನ ನೀನೇ ಬೇಯಿಸ್ಕೋ."

ಪಾಪ, ಆ ಮನುಷ್ಯ ಪಟ್ಟ ಪಾಡು ಯಾರಿಗೂ ಬೇಡ. ಕಾರ್ಖಾನೆಯ ಕಡೆಯವರು ಯಾರಾದರೂ ಟೀಗೆ ಬಂದರೆ ಗಂಟಲು ನೋವೆಂದು ಕೊರಳಿಗೆ ಮಫ್ಲರ್ ಸುತ್ತಿಕೊಂಡು ಕೈಸನ್ನೆ ಮಾಡುವನು. ಬೇಸಿಗೆಯಲ್ಲೂ ಮಫ್ಲರ್ ಬಿಚ್ಚಲಿಲ್ಲ. ಒಳ್ಳೆಯ ಡಾಕ್ಟರಿಗೆ ತೋರಿಸು ಎಂದು ಗಿರಾಕಿಗಳು ಮರುಗಿದರು.

ಇತ್ತ ತೋಳು ಹೊಲಿಯುವವಳ ಮಗಳು ಶಾಲೆಗೆ ಹೋಗುತ್ತಿದ್ದಳು. ತಪ್ಪಿಸಿದ ಪಾಠ ಬಹಳವಿದ್ದದ್ದರಿಂದ ಮೇಷ್ಟ್ರು ಅವಳನ್ನು ಚಿಕ್ಕವರ ತರಗತಿಯಲ್ಲಿ ಕೂರಿಸಿದ್ದರು. ಒಂದು ದಿನ ಶಾಲೆ ಬಿಟ್ಟು ನೇರ ಕಾಲರಕ್ಕನ ಕಿಟಕಿಗೆ ಬಂದು ಮುಖ ಊದಿಸಿಕೊಂಡಳು.

"ನಾ ಹೋಗಲ್ಲ ಅಜ್ಜಿ. ಅಲ್ಲೂ ಎಲ್ಲಾ ಪುಟಾಣಿಗಳೇ. ಮೂಗು ಒರೆಸು, ಚಡ್ಡಿ ಹಾಕು ಅಂತ ನನ್ನ ಹತ್ರಾನೇ ಬರ್ತವೆ. ಶಾಲೆಗೆ ಹೋದ್ರೂ ಮಕ್ಕಳು ನೋಡೋದೇ ಆಯ್ತು!"

ಕಾಲರಕ್ಕ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. "ಬೇಗ ಓದಿ ಅವರನ್ನ ದಾಟ್ಕೊಂಡು ಮುಂದಿನ ಕ್ಲಾಸಿಗೆ ಹೋಗು. ಆಗ ಯಾರ ಮೂಗೂ ಒರೆಸೋದು ಬೇಡ. ಈಗ ಇಲ್ಲಿ ಕೂತು ನಂಗೆ ಓದಿ ಹೇಳು."

"ನಿಂಗೆ ಓದಕ್ಕೆ ಬರಲ್ವಾ?"

"ಬಂದಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?"

ಹುಡುಗಿ ದಿನಾ ಸಂಜೆ ಕಿಟಕಿಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವಳು. ವರ್ಷ ತಿರುಗುವುದರೊಳಗೆ ಎರಡು ತರಗತಿ ದಾಟಿದಳು. ಕಾಲರಕ್ಕನೂ ಅಷ್ಟಿಷ್ಟು ಅಕ್ಷರ ಹಿಡಿದಳು. ಮೊದಲು ತಾನಾಗಿ ಓದಿದ್ದು ‘ಬೀಡಿ ಸಿಗರೇಟು ಸೇದಬಾರದು’ ಎಂಬ ಬೋರ್ಡು. ಇಷ್ಟು ದಿನ ಅದರಲ್ಲಿ ಏನೋ ದೊಡ್ಡ ವಿಷಯವಿದೆ ಅಂದುಕೊಂಡಿದ್ದವಳಿಗೆ ತುಸು ನಿರಾಸೆಯಾಯಿತು.

ಆ ಹೊತ್ತಿಗೆ ಮ್ಯಾನೇಜರನ ಮನೆಯಲ್ಲೊಂದು ತಾಪತ್ರಯ ಎದ್ದಿತು. ಅವನ ಮಗಳು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಮೊಮ್ಮಗಳನ್ನು ನೋಡಿಕೊಳ್ಳುತ್ತಿದ್ದ ಆಯಾ ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟುಹೋದಳು. ಹೋದದ್ದು ಎಲ್ಲಿಗೆ? ಈ ಕಾರ್ಖಾನೆಗೇ. ಇಲ್ಲಿ ಸಂಬಳದ ಜೊತೆ ತನ್ನ ಕೂಸಿಗೂ ಜಾಗವಿದೆ ಎಂದು ಯಾರೋ ಹೇಳಿದ್ದರು. ಅವಳನ್ನು ಗುಂಡಿ ವಿಭಾಗಕ್ಕೆ ಸೇರಿಸಿಕೊಂಡವನು ಮ್ಯಾನೇಜರೇ. ಸಾಲಿನಲ್ಲಿ ನಿಂತಿದ್ದವಳ ಮುಖ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಬೇರೆ ದಾರಿ ಕಾಣದೆ ಅವನು ಮೊಮ್ಮಗಳನ್ನೆತ್ತಿಕೊಂಡು ಕಾಲರಕ್ಕನ ಎದುರು ನಿಂತ.

"ಎರಡು ದಿನ ಅಷ್ಟೆ ಅಕ್ಕ. ಇವಳು ಸ್ವಲ್ಪ ಸೂಕ್ಷ್ಮ. ಬೇರೆ ಮಕ್ಕಳ ಜೊತೆ ಅಭ್ಯಾಸ ಇಲ್ಲ."

ಸೂಕ್ಷ್ಮದ ಮೊಮ್ಮಗಳು ಮಧ್ಯಾಹ್ನದ ಹೊತ್ತಿಗೆ ಇಬ್ಬರನ್ನು ಕಚ್ಚಿ, ಮೂವರ ಬಿಸ್ಕತ್ತು ಕಿತ್ತುಕೊಂಡು, ರೇಷ್ಮೆಯಂಥ ಫ್ರಾಕು ಕೆಸರು ಮಾಡಿಕೊಂಡು, ಚಿಂದಿಯ ಅಂಗಿ ತೊಟ್ಟು ಕುದುರೆ ಏರಿದಳು. ಸಂಜೆ ಮ್ಯಾನೇಜರ್ ಅವಸರದಲ್ಲಿ ಬಂದು, ಕೂಸನ್ನೆತ್ತಿಕೊಂಡು, ಗೇಟಿನವರೆಗೆ ಹೋಗಿಬಿಟ್ಟ. ಹಿಂದಿನಿಂದ ಆಯಾ ಓಡಿಬಂದಳು.

"ಸಾರ್, ಅದು ನಂದು!"

ಅವನು ನೋಡಿದ. ಮನೆಗೆ ಹೊರಟ ಕೂಸುಗಳೆಲ್ಲ ಕಾಲರ್ ಇದ್ದ ಅದೇ ಅಂಗಿಯಲ್ಲಿದ್ದವು. "ಎಲ್ಲಾ ಒಂದೇ ತರ ಕಾಣ್ತವಲ್ಲ!" ಎಂದು ಗೊಣಗಿಕೊಂಡ.

"ಕಾಲಿನ ಪಟ್ಟಿ ನೋಡ್ಬೇಕು ಸಾರ್," ಎಂದಳು ಮೊಮ್ಮಗಳನ್ನು ಹೊತ್ತು ಹಿಂದೆಯೇ ಬಂದ ಕಾಲರಕ್ಕ. "ನಿಮ್ಮದು ಹಳದಿ."

ಎರಡು ದಿನ ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ಯಾವುದೋ ಕೆಲಸಕ್ಕೆ ಕಾರ್ಮಿಕ ಇಲಾಖೆಗೆ ಹೋದ ಮ್ಯಾನೇಜರ್ ಎದುರಿನ ಅಂಗಡಿಯಲ್ಲಿ ಟೀ ತೆಗೆದುಕೊಂಡು, "ಇನ್‌ಸ್ಪೆಕ್ಟರ್ ಮೇಡಂ ಒಳಗಿದಾರಾ?" ಎಂದು ಕೇಳಿದ. ಅಂಗಡಿಯವನಿಗೆ ಎಲ್ಲಿಲ್ಲದ ಕೆಮ್ಮು ಬಂತು. ಪಕ್ಕದಲ್ಲಿ ನಿಂತಿದ್ದ ಕಚೇರಿಯ ಜವಾನ ಹೇಳಿಯೇಬಿಟ್ಟ: "ಆ ಮೇಡಮ್ಮಾ? ಅವರಿಗೆ ವರ್ಗ ಆಗಿ ವರ್ಷದ ಮೇಲಾಯ್ತಲ್ಲ ಸ್ವಾಮಿ!"

ಮ್ಯಾನೇಜರ್ ಟೀ ಅರ್ಧಕ್ಕೇ ಬಿಟ್ಟು ಕಾರು ಹತ್ತಿದ. ಇತ್ತ ಕಾಲರಕ್ಕನ ಫೋನು ಬಡಿದುಕೊಂಡಿತು.

"ನಾನಲ್ಲ ಕಣೆ! ದೇವರಾಣೆ, ನಾನು ಬರೀ ಕೆಮ್ಮಿದೆ! ಜವಾನ ಹೇಳಿದ್ದು!"

ಮ್ಯಾನೇಜರ್ ಕೆಂಡದಂತೆ ಬಂದು ಕೋಣೆಯ ಬಾಗಿಲು ತಳ್ಳಿದ. ಒಳಗೆ ಮಧ್ಯಾಹ್ನದ ನಿದ್ದೆಯ ಹೊತ್ತು. ತೊಟ್ಟಿಲಲ್ಲಿ, ಚಾಪೆಯ ಮೇಲೆ, ಬಟ್ಟೆ ರಾಶಿಯ ಮೇಲೆ ಎಲ್ಲ ಅಡ್ಡಾದಿಡ್ಡಿ ಮಲಗಿದ್ದವು. ಕಾಲರಕ್ಕನ ತೊಡೆಯ ಮೇಲೆ ಹಳದಿ ಪಟ್ಟಿಯವಳು. ಕಾಲರಕ್ಕ ತುಟಿಯ ಮೇಲೆ ಬೆರಳಿಟ್ಟಳು.

ಅವನು ಪಿಸುಗುಟ್ಟಿದ, "ಮೇಡಂ ಹೋಗಿ ವರ್ಷ ಆಯ್ತಂತೆ! ನನ್ನ ಮಂಗ ಮಾಡಿದ್ರಲ್ಲ! ಇವತ್ತೇ ಈ ಕೋಣೆಗೆ ಬೀಗ!"

ಎದೆಯಲ್ಲಿ ಉರಿಯುತ್ತಿದ್ದರೂ ಪಿಸುಮಾತಿನಲ್ಲಿ ಬಂದ ಬೈಗುಳ ಬೈಗುಳದಂತೆ ಕೇಳಿಸಲಿಲ್ಲ, ಗುಟ್ಟು ಹೇಳಿದಂತೆ ಕೇಳಿಸಿತು. ಕಾಲರಕ್ಕನೂ ಪಿಸುಗುಟ್ಟಿದಳು:

"ಆಗಲಿ ಸಾರ್. ನಿಮ್ಮ ಮೊಮ್ಮಗಳನ್ನ ಎಲ್ಲಿ ಮಲಗಿಸ್ಲಿ? ಕಾವಲುಗಾರನ ಹತ್ರ ಕೊಡ್ಲಾ?"

ಮ್ಯಾನೇಜರ್ ಸುತ್ತ ನೋಡಿದ. ಮೊಮ್ಮಗಳು ನಿದ್ದೆಯಲ್ಲಿ ತುಟಿ ಚಪ್ಪರಿಸಿ, ಪಕ್ಕದಲ್ಲಿದ್ದ ಆಯಾಳ ಕೂಸಿನ ಕಿವಿ ಹಿಡಿದುಕೊಂಡಳು. ಅವನು ನಿಧಾನಕ್ಕೆ ಬೂಟು ಬಿಚ್ಚಿ ಚಾಪೆಯ ಅಂಚಿನಲ್ಲಿ ಕೂತ.

"ಅಕ್ಕ, ನಿಮಗೆ ಗೊತ್ತಿತ್ತಾ?"

"ಹೂಂ ಸಾರ್."

ಕೆಲಸ ಹೋದರೆ ಹೋಗಲಿ ಎಂದುಕೊಂಡಳು ಕಾಲರಕ್ಕ. ಬಾಯಿ ಬಿಟ್ಟದ್ದೇ ಆಯಿತು, ಉಳಿದದ್ದನ್ನೂ ಕೇಳಿಬಿಡೋಣವೆಂದು ತಗ್ಗಿದ ದನಿಯಲ್ಲೇ ಹೇಳಿದಳು:

"ಸಾರ್, ತೊಟ್ಟಿಲು ಸಾಲ್ತಿಲ್ಲ. ಒಳಗೊಂದು ನಲ್ಲಿ ಬೇಕು. ನಂಗೊಬ್ಬಳು ಜೊತೆಗಾತಿ ಬೇಕು."

"ಈಗ ಅದನ್ನೆಲ್ಲ..." ಎಂದು ಅವನು ದನಿ ಏರಿಸಹೋದ. ಮೂಲೆಯಲ್ಲೊಂದು ಕೂಸು ಮಿಸುಕಾಡಿತು. ಅವನು ಗಾಬರಿಯಿಂದ ಕೈ ಎತ್ತಿ, "ಆಯ್ತು, ಆಯ್ತು, ಕೊಡಿಸ್ತೀನಿ" ಎಂದು ಪಿಸುಗುಟ್ಟಿ, ಬೂಟು ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಹೊರಟುಹೋದ.

ನಲ್ಲಿ ಆ ವಾರವೇ ಬಂತು, ತೊಟ್ಟಿಲುಗಳು ಆಮೇಲೆ ಬಂದವು. ಜೊತೆಗಾತಿಯ ಮಾತು ಮಾತ್ರ ಅವನಿಗೆ ಮರೆತುಹೋಗಿತ್ತು. ಕಾಲರಕ್ಕ ಆತುರಪಡಲಿಲ್ಲ. ಮಧ್ಯಾಹ್ನ ಎಲ್ಲ ಕೂಸುಗಳೂ ಮಲಗುವವರೆಗೆ ಕಾದು, ಅವನಿಗೆ ಮತ್ತೆ ಹೇಳಿ ಕಳಿಸಿದಳು.